ಎನ್ರಿಕೋ ಕರೂಸೋನ ಕಡೆಯ ಗಾನಮುದ್ರಿಕೆ

ಹಿಂದಿನ ಕಾಲದ ಗಾಯಕರ ಕೀರ್ತಿಯಷ್ಟು ಅಸ್ಥಿರವಾದ ಕೀರ್ತಿ ಮತ್ತೊಂದಿಲ್ಲ. ಕವಿ ಗತಿಸಿದರೆ ಕಾವ್ಯ ಉಳಿಯುತ್ತದೆ. ಶಿಲ್ಪಿ ಗತಿಸಿದರೆ ಶಿಲೆ ಉಳಿಯುತ್ತದೆ. ಗಾಯಕನಾದರೋ ತನ್ನ ಕಲೆಯನ್ನು ಉಸಿರಿನಲ್ಲಿಯೇ ಹೊತ್ತು ತಿರುಗುವವನು. ಉಸಿರು ನಿಂತ ದಿನ ಆ ಕಲೆಯೂ ನಿಲ್ಲುತ್ತದೆ. ಕೇಳಿದವರು ಇರುವಷ್ಟು ದಿನ ಅದರ ನೆನಪು. ಅವರೂ ಹೋದ ಮೇಲೆ ಬರಿಯ ಹೆಸರು. ಈ ನಿಯಮಕ್ಕೆ ಮೊದಲ ದೊಡ್ಡ ಅಪವಾದವಾಗಿ ನಿಂತವನು ಇಟಲಿಯ ಎನ್ರಿಕೋ ಕರೂಸೋ. ಆತ ತೀರಿಕೊಂಡದ್ದು ೧೯೨೧ರಲ್ಲಿ. ನೂರು ವರ್ಷಗಳು ಕಳೆದಿದ್ದರೂ ಆತನ ಕಂಠವನ್ನು ನಾವು ಇಂದಿಗೂ ಕೇಳಬಹುದಾಗಿದೆ.

ಕರೂಸೋನ ಹೆಸರೆತ್ತಿದೊಡನೆ ಹೆಚ್ಚಿನವರು ನೆನೆಯುವುದು ‘ಪಾಲ್ಯಾಚ್ಚಿ’ ಗೀತನಾಟಕದ ವಿದೂಷಕನನ್ನು. ಒಡೆದ ಎದೆಯ ಮೇಲೆ ನಗೆಯ ವೇಷ ಧರಿಸುವ ಆ ನತದೃಷ್ಟನನ್ನು. ಅದು ಸಹಜವೇ. ಆದರೆ ಆತ ಬಿಟ್ಟುಹೋದ ಸುಮಾರು ೨೫೦ ಗಾನಮುದ್ರಿಕೆಗಳ ನಡುವೆ ಬೆರಳೆಣಿಕೆಯಷ್ಟು ಪವಿತ್ರ ಗೀತೆಗಳೂ ಇವೆ: ಕ್ರೈಸ್ತರ ಬಲಿಪೂಜೆಯ, ಮೃತರ ಶಾಂತಿಪೂಜೆಯ, ಮೇರಿಮಾತೆಯ ಶೋಕದ ಲ್ಯಾಟಿನ್ ಗೀತೆಗಳು. ರಂಗಭೂಮಿಯ ಮನುಷ್ಯ ದೇವರ ಮುಂದಿನ ಮಾತನ್ನು ಹಾಡಿದಾಗ ಅದು ಪ್ರಾರ್ಥನೆಯಾಗುತ್ತದೆಯೇ ಅಥವಾ ಮತ್ತೊಂದು ಪಾತ್ರವಾಗುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಈ ಮುದ್ರಿಕೆಗಳನ್ನು ಕೇಳುವಾಗಲೆಲ್ಲ ನನಗೆ ಆ ಪ್ರಶ್ನೆ ಎದುರಾಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆತನ ಬಾಳನ್ನು ಇಲ್ಲಿ ನೋಡಲು ಯತ್ನಿಸುತ್ತೇನೆ.

ಕರೂಸೋ ಹುಟ್ಟಿದ್ದು ನೇಪಲ್ಸ್ ನಗರದಲ್ಲಿ, ೧೮೭೩ರ ಫೆಬ್ರವರಿ ೨೫ರಂದು. ತಂದೆ ಮಾರ್ಚೆಲ್ಲಿನೋ ಯಂತ್ರದ ಕೆಲಸಗಾರ; ತಾಯಿ ಆನ್ನಾ ಬಾಲ್ದಿನಿ. ಇಪ್ಪತ್ತೊಂದು ಮಕ್ಕಳಲ್ಲಿ ಹದಿನೆಂಟನೆಯವನಾಗಿ ಆತ ಹುಟ್ಟಿದನೆಂಬ ಕಥೆ ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂತು. ಮುಂದಿನ ಸಂಶೋಧಕರು ದಾಖಲೆಗಳನ್ನು ನೋಡಿ, ಏಳು ಮಕ್ಕಳಲ್ಲಿ ಮೂರನೆಯವನೆಂದು ತೀರ್ಮಾನಿಸಿದ್ದಾರೆ. ಬಡತನ ಮಾತ್ರ ಕಟ್ಟುಕಥೆಯಲ್ಲ. ಹನ್ನೊಂದನೆಯ ವಯಸ್ಸಿಗೆ ಹುಡುಗನನ್ನು ಯಂತ್ರಶಿಲ್ಪಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಯಜಮಾನ ಬೀದಿಯಲ್ಲಿ ನಿಲ್ಲಿಸುವ ಕುಡಿಯುವ ನೀರಿನ ಕಾರಂಜಿಗಳನ್ನು ಮಾಡಿಸುತ್ತಿದ್ದವನು. ಜಗದ್ವಿಖ್ಯಾತನಾದ ಮೇಲೂ ಕರೂಸೋ ತನ್ನ ಊರಿಗೆ ಬಂದಾಗ, ತಾನು ಕೈಹಾಕಿ ನಿಲ್ಲಿಸಿದ ಕಾರಂಜಿಯನ್ನು ಜೊತೆಯವರಿಗೆ ತೋರಿಸಿ ಸಂತೋಷಪಡುತ್ತಿದ್ದನಂತೆ.

ಹಾಡುಗಾರಿಕೆಯ ಮೊದಲ ಪಾಠ ಆದದ್ದು ಇಗರ್ಜಿಯ ಗಾಯನವೃಂದದಲ್ಲಿ. ಹುಡುಗನ ಎಳೆಯ ಶಾರೀರ ಚೆನ್ನಾಗಿತ್ತು. ತಂದೆಗೆ ಇದರಲ್ಲಿ ಒಲವಿರಲಿಲ್ಲ. ಕೈಕಸುಬು ಕಲಿತರೆ ಸಾಕೆಂಬುದು ಆತನ ಎಣಿಕೆ. ಮಗ ಹಾಡಬೇಕೆಂದು ಹಂಬಲಿಸಿದವಳು ತಾಯಿ. ಆಕೆ ಬಹುಕಾಲ ಹಾಸಿಗೆ ಹಿಡಿದಿದ್ದು ೧೮೮೮ರಲ್ಲಿ ತೀರಿಕೊಂಡಳು. ಆಗ ಮಗನಿಗೆ ಹದಿನೈದು ವರ್ಷ. ಆ ದಿನ ಇಗರ್ಜಿಯ ಉತ್ಸವದಲ್ಲಿ ಆತ ಹಾಡಬೇಕಾಗಿತ್ತೆಂದೂ, ಮನೆಬಿಟ್ಟು ಹೋಗಲು ಮನಸ್ಸಿಲ್ಲದ ಆತನನ್ನು ತಾಯಿಯೇ ಒತ್ತಾಯಿಸಿ ಕಳಿಸಿದಳೆಂದೂ, ಹಾಡುತ್ತಿರುವಾಗಲೇ ಸಾವಿನ ಸುದ್ದಿ ಬಂತೆಂದೂ ಜೀವನಚರಿತ್ರಕಾರರು ಹೇಳುತ್ತಾರೆ. ಕಲಾವಿದರ ಬಾಲ್ಯದ ಕಥೆಗಳಿಗೆ ಮುಂದೆ ಬಣ್ಣ ಕಟ್ಟುವುದು ಲೋಕರೂಢಿ. ಬಣ್ಣವನ್ನೆಲ್ಲ ತೊಳೆದರೂ ಉಳಿಯುವ ಸಂಗತಿ ಒಂದಿದೆ. ಕರೂಸೋನ ಪಾಲಿಗೆ ಲ್ಯಾಟಿನ್ ಸ್ತೋತ್ರ, ಇಗರ್ಜಿಯ ಕಮಾನಿನ ಕೆಳಗಿನ ಅನುರಣನ, ತಾಯಿಯ ಮರಣ ಈ ಮೂರೂ ಒಂದೇ ವಯಸ್ಸಿನ ಅನುಭವಗಳು.

ತಾಯಿ ಹೋದ ಮೇಲೆ ಕಾರ್ಖಾನೆಯ ಕೆಲಸವೂ ಹಿಂದಾಯಿತು. ಬೀದಿಗಳಲ್ಲಿ, ಕಾಫಿಮನೆಗಳಲ್ಲಿ, ಕಡಲತೀರದ ವಿಹಾರಸ್ಥಾನಗಳಲ್ಲಿ ಹಾಡಿ ಆತ ನಾಲ್ಕು ಕಾಸು ಸಂಪಾದಿಸಿದನು. ಹದಿನೆಂಟನೆಯ ವಯಸ್ಸಿನಲ್ಲಿ ಅಂಥ ಹಣದಿಂದ ಮೊದಲ ಸಲ ಹೊಸ ಜೋಡು ಕೊಂಡುಕೊಂಡನಂತೆ. ಗುಲಿಯೆಲ್ಮೋ ವೆರ್ಜಿನೆ ಎಂಬ ಅಧ್ಯಾಪಕ ಈತನನ್ನು ಶಿಷ್ಯನನ್ನಾಗಿ ಸ್ವೀಕರಿಸಿದನಾದರೂ ಶಾರೀರದ ಬಗ್ಗೆ ಆತನಿಗೆ ದೊಡ್ಡ ಭರವಸೆ ಇರಲಿಲ್ಲ. ಐದು ವರ್ಷಗಳ ಗಾಯನದ ಸಂಪಾದನೆಯಲ್ಲಿ ನಾಲ್ಕನೆಯ ಒಂದು ಭಾಗ ಗುರುವಿಗೆ ಸಲ್ಲಬೇಕೆಂದು ಕರಾರಾಯಿತು. ಹಾಡಿದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬ ಅದರ ಒಕ್ಕಣೆ ಶಿಷ್ಯನನ್ನು ಮುಂದೆ ಬಹಳ ಕಾಡಿತು. ೧೮೯೫ರ ಮಾರ್ಚ್ ೧೫ರಂದು ನೇಪಲ್ಸಿನ ನೂವೋ ನಾಟಕಶಾಲೆಯಲ್ಲಿ ಆತ ಮೊದಲ ಬಾರಿಗೆ ರಂಗವೇರಿದನು. ೧೮೯೮ರಲ್ಲಿ ಮಿಲಾನ್ ನಗರದಲ್ಲಿ ಜ್ಯೊರ್ದಾನೋ ರಚಿಸಿದ ‘ಫೆದೋರಾ’ದ ಪ್ರಥಮ ಪ್ರಯೋಗ ಆತನಿಗೆ ಹೆಸರು ತಂದಿತು. ೧೯೦೦ರ ಡಿಸೆಂಬರಿನಲ್ಲಿ ಟೊಸ್ಕಾನಿನಿಯ ನಿರ್ದೇಶನದಲ್ಲಿ ಲಾ ಸ್ಕಾಲಾ ರಂಗಮಂದಿರದ ಬಾಗಿಲೂ ತೆರೆಯಿತು.

ಟೆನರ್ ಎಂಬ ಶಬ್ದದ ಬಗ್ಗೆ ಇಲ್ಲಿ ಒಂದು ಮಾತು. ಪಾಶ್ಚಾತ್ಯ ಪದ್ಧತಿಯಲ್ಲಿ ಗಂಡುಕಂಠಗಳಲ್ಲಿ ಎತ್ತರದ ಸ್ಥಾಯಿಯಲ್ಲಿ ಸಂಚರಿಸುವುದು ಟೆನರ್, ಕೆಳಗೆ ಗಂಭೀರವಾಗಿ ನಡೆಯುವುದು ಬಾಸ್, ನಡುವಿನದು ಬ್ಯಾರಿಟೋನ್. ಕರೂಸೋ ಟೆನರ್ ಆಗಿದ್ದರೂ ಆತನ ಶಾರೀರದಲ್ಲಿ ಬ್ಯಾರಿಟೋನಿನ ಕಪ್ಪು ಛಾಯೆ ಇತ್ತು. ವಯಸ್ಸಾದಂತೆ ಆ ಛಾಯೆ ದಟ್ಟವಾಯಿತು. ತಾರಸ್ಥಾಯಿಗೆ ಏರಿದಾಗಲೂ ತೆಳುವಾಗದ ಆ ತುಂಬುತನವೇ ಆತನ ವೈಶಿಷ್ಟ್ಯ.

೧೯೦೧ರ ಡಿಸೆಂಬರಿನಲ್ಲಿ ಆತ ಕೀರ್ತಿಶಾಲಿಯಾಗಿ ತವರೂರಿಗೆ ಮರಳಿ, ಅಲ್ಲಿಯ ಪ್ರಸಿದ್ಧ ಸಾನ್ ಕಾರ್ಲೋ ಮಂದಿರದಲ್ಲಿ ದೋನಿತ್ಸೆತ್ತಿಯ ‘ಪ್ರೇಮರಸಾಯನ’ ಗೀತನಾಟಕದಲ್ಲಿ ಹಾಡಿದನು. ಊರಿನ ರಸಿಕರು ತಣ್ಣಗೆ ಕುಳಿತರು; ವಿಮರ್ಶಕರು ಕೊಂಕು ನುಡಿದರು. ಇನ್ನು ಮುಂದೆ ಈ ಊರಿನಲ್ಲಿ ಹಾಡುವುದಿಲ್ಲವೆಂದು ಕರೂಸೋ ಶಪಥ ಮಾಡಿದನು. ಆಮೇಲೆ ಸಾಯುವವರೆಗೂ ನೇಪಲ್ಸಿನ ಯಾವ ರಂಗಮಂದಿರದಲ್ಲಿಯೂ ಆತ ಹಾಡಲಿಲ್ಲ. ನೀರಿನ ಕಾರಂಜಿಯನ್ನು ಹೆಮ್ಮೆಯಿಂದ ತೋರಿಸಿದ ಮನುಷ್ಯನೇ ಈ ಶಪಥವನ್ನೂ ಪಾಲಿಸಿದನು. ಪ್ರೀತಿ ಆಳವಾಗಿದ್ದುದರಿಂದಲೇ ನೋವೂ ಆಳವಾಗಿದ್ದಿರಬೇಕು.

ಮರುವರ್ಷ ಆತನ ಬಾಳಿನ ದಿಕ್ಕನ್ನು ಬದಲಿಸಿದ ಘಟನೆ ನಡೆಯಿತು. ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ೧೯೦೨ರ ವಸಂತದಲ್ಲಿ ತನ್ನ ಯಂತ್ರಗಳೊಡನೆ ಇಟಲಿಗೆ ಬಂದಿದ್ದನು. ಏಪ್ರಿಲ್ ತಿಂಗಳಲ್ಲಿ ರೋಮಿನಲ್ಲಿ ಪೋಪರ ಸಿಸ್ಟೈನ್ ದೇವಾಲಯದ ಗಾಯಕರ ಕಂಠಗಳನ್ನು ಮುದ್ರಿಸಿಕೊಂಡದ್ದಾಯಿತು. ಅದೇ ತಿಂಗಳ ೧೧ರಂದು ಮಿಲಾನಿನ ಗ್ರ್ಯಾಂಡ್ ಹೋಟೆಲಿನ ಕೋಣೆಯೊಂದರಲ್ಲಿ ಕರೂಸೋ ಹತ್ತು ಹಾಡುಗಳನ್ನು ಹಾಡಿದನು. ಮಹಾಸಂಗೀತಕಾರ ವೆರ್ದಿ ಕಣ್ಮುಚ್ಚಿದ್ದು ಅದೇ ಹೋಟೆಲಿನಲ್ಲಿ, ಹದಿನೈದು ತಿಂಗಳ ಹಿಂದೆ. ಹತ್ತು ಹಾಡಿಗೆ ಕರೂಸೋ ಕೇಳಿದ್ದು ನೂರು ಪೌಂಡು. ಇಷ್ಟು ಹಣ ಕೊಡಬೇಡವೆಂದು ಲಂಡನ್ನಿನಿಂದ ತಂತಿ ಬಂದರೂ ಗೈಸ್‌ಬರ್ಗ್ ಅದನ್ನು ಲಕ್ಷಿಸಲಿಲ್ಲವೆಂದು ಪ್ರತೀತಿ. ಒಂದು ಮಧ್ಯಾಹ್ನದ ಆ ಕೆಲಸ ಗ್ರಾಮಫೋನನ್ನು ಆಟಿಕೆಯ ಮಟ್ಟದಿಂದ ವಾದ್ಯದ ಮಟ್ಟಕ್ಕೆ ಏರಿಸಿತು.

ಆ ಕಾಲದ ಧ್ವನಿಮುದ್ರಣದ ರೀತಿಯನ್ನು ತಿಳಿಯದಿದ್ದರೆ ಈ ಸಾಧನೆಯ ತೂಕ ತಿಳಿಯದು. ಮೈಕ್ರೊಫೋನಿನ ಮೂಲಕ ಮುದ್ರಿಸುವ ವಿದ್ಯುತ್ ವಿಧಾನ ವ್ಯಾಪಾರಕ್ಕೆ ಬಂದದ್ದು ೧೯೨೫ರಲ್ಲಿ. ಅಲ್ಲಿಯವರೆಗೆ ಗಾಯಕನು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಕಹಳೆಯ ಕಿರಿದಾದ ತುದಿಯಲ್ಲಿ ಒಂದು ತೆಳುಪೊರೆ, ಪೊರೆಗೆ ಸೇರಿದಂತೆ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡಿನ ಕಂಪನವೇ ಸೂಜಿಯನ್ನು ನಡೆಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಬೇರೆ ಯಾವ ಶಕ್ತಿಯ ನೆರವೂ ಇಲ್ಲ. ಸ್ವರ ಕ್ಷೀಣವಾದರೆ ಗೆರೆ ಮೂಡದು. ಸ್ವರ ಸಿಡಿದರೆ ಗೆರೆ ಒಡೆಯುತ್ತದೆ. ಎತ್ತರದ ಸ್ವರ ಬಂದಾಗ ಗಾಯಕ ಹಿಂದೆ ಸರಿಯಬೇಕು. ಮೆಲುದನಿಯಲ್ಲಿ ಮುಂದೆ ಬಾಗಬೇಕು. ಪಿಟೀಲಿನ ನಾದ ಕಹಳೆಗೆ ಸರಿಯಾಗಿ ಹಿಡಿಯುತ್ತಿರಲಿಲ್ಲವಾಗಿ ತಗಡಿನ ಕಹಳೆ ಕಟ್ಟಿದ ಪಿಟೀಲುಗಳನ್ನು ಬಳಸುತ್ತಿದ್ದರು. ದೊಡ್ಡ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಸುಮಾರು ನಾಲ್ಕೂವರೆ ನಿಮಿಷ. ಇಂಥ ಇಕ್ಕಟ್ಟಿನಲ್ಲಿ ಅನೇಕ ಹೆಸರಾಂತ ಶಾರೀರಗಳು ಬಡವಾದವು. ಕರೂಸೋನ ಕಂಠ ಮಾತ್ರ ಆ ಕಹಳೆಗೆಂದೇ ಸೃಷ್ಟಿಯಾದಂತಿತ್ತು.

ಇದೇ ಗೈಸ್‌ಬರ್ಗ್ ಅದೇ ವರ್ಷ ಹಡಗು ಹತ್ತಿ ಭಾರತಕ್ಕೂ ಬಂದನು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆತನ ಕಹಳೆಯ ಮುಂದೆ ಕುಳಿತವರು ಗೌಹರ್ ಜಾನ್. ಕರೂಸೋನಂತೆ ಅವರೂ ಹುಟ್ಟಿದ್ದು ೧೮೭೩ರಲ್ಲಿ. ನಮ್ಮ ದೇಶದ ಗ್ರಾಮಫೋನ್ ಗಾಯಕರಲ್ಲಿ ಮೊದಲ ಮಹಾಪ್ರಸಿದ್ಧಿ ಅವರದೇ. ಬಾಳಿನ ಸಂಜೆಯಲ್ಲಿ, ೧೯೨೮ರಲ್ಲಿ, ಅವರು ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಒಂದೇ ವರ್ಷ ಹುಟ್ಟಿದ ಇಬ್ಬರು ಗಾಯಕರು, ಒಂದೇ ವರ್ಷ, ಒಬ್ಬನೇ ಮುದ್ರಕನ ಮುಂದೆ ಹಾಡಿ ಕಾಲವನ್ನು ಗೆದ್ದರು. ನೇಪಲ್ಸಿನ ಕರೂಸೋನ ಕಥೆ ನಮಗೆ ತೀರ ಹೊರಗಿನದಲ್ಲವೆಂದು ನಾನು ಭಾವಿಸಲು ಇದೊಂದು ಕಾರಣ.

೧೯೦೩ರ ನವೆಂಬರ್ ೨೩ರಂದು ಕರೂಸೋ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಗೀತನಾಟಕ ಮಂದಿರದಲ್ಲಿ ವೆರ್ದಿಯ ‘ರಿಗೊಲೆತ್ತೊ’ದಲ್ಲಿ ಹಾಡಿದನು. ಅಂದಿನಿಂದ ಅದು ಆತನ ಮನೆಯೇ ಆಯಿತು. ಮುಂದಿನ ಹದಿನೇಳು ವರ್ಷಗಳಲ್ಲಿ ಆ ಸಂಸ್ಥೆಗಾಗಿ ೮೦೦ಕ್ಕೂ ಹೆಚ್ಚು ಬಾರಿ ಹಾಡಿದನು. ಕಾಕತಾಳೀಯವೆಂಬಂತೆ, ಅದರ ಹಿಂದಿನ ದಿನ, ನವೆಂಬರ್ ೨೨ರಂದು, ರೋಮಿನಲ್ಲಿ ಹತ್ತನೆಯ ಪಯಸ್ ಪೋಪರು ಇಗರ್ಜಿಯ ಸಂಗೀತವನ್ನು ಕುರಿತು ಒಂದು ಆಜ್ಞಾಪತ್ರ ಹೊರಡಿಸಿದ್ದರು. ಪೂಜೆಯಲ್ಲಿ ಪ್ರಾಚೀನ ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನ ಸಲ್ಲಬೇಕು, ನಾಟಕಶಾಲೆಯ ಶೈಲಿ ದೇವಾಲಯದೊಳಗೆ ಕಾಲಿಡಕೂಡದು ಎಂಬುದು ಅದರ ಸಾರ. ಹತ್ತೊಂಬತ್ತನೆಯ ಶತಮಾನದ ಇಟಲಿಯಲ್ಲಿ ಇಗರ್ಜಿಗೂ ರಂಗಮಂದಿರಕ್ಕೂ ನಡುವಣ ಗೋಡೆ ಬಹಳ ತೆಳುವಾಗಿತ್ತು. ಆ ಗೋಡೆಯನ್ನು ಮತ್ತೆ ಕಟ್ಟುವುದು ಪೋಪರ ಉದ್ದೇಶ. ಗೋಡೆ ಎದ್ದ ಮರುದಿನವೇ ಅದರ ಆಚೆಯ ಬದಿಯಲ್ಲಿ ಇಗರ್ಜಿಯ ಹಳೆಯ ಹುಡುಗನೊಬ್ಬ ಹೊಸ ಜಗತ್ತಿನ ರಂಗವೇರಿದ್ದನು.

ಈ ಗೋಡೆಯ ಪ್ರಶ್ನೆ ಕರೂಸೋನಿಗಿಂತ ಹಳೆಯದು. ರೊಸ್ಸಿನಿಯ ‘ಸ್ತಾಬಾತ್ ಮಾತೆರ್’ ೧೮೪೨ರಲ್ಲಿ ಪ್ಯಾರಿಸಿನಲ್ಲಿ ಪೂರ್ಣರೂಪದಲ್ಲಿ ಹಾಡಲ್ಪಟ್ಟಾಗ, ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ದುಃಖಕ್ಕೆ ಇಷ್ಟು ಹುರುಪಿನ ರಾಗವೇ ಎಂದು ಹುಬ್ಬೇರಿಸಿದವರಿದ್ದರು. ವೆರ್ದಿ ಕಾದಂಬರಿಕಾರ ಮಾಂಝೋನಿಯ ಸ್ಮರಣೆಗಾಗಿ ರಚಿಸಿ ೧೮೭೪ರಲ್ಲಿ ಮಿಲಾನಿನ ಇಗರ್ಜಿಯಲ್ಲಿ ಹಾಡಿಸಿದ ‘ರೆಕ್ವಿಯೆಮ್’ ಎಂಬ ಮೃತರ ಶಾಂತಿಪೂಜೆಯನ್ನು, ಪಾದ್ರಿಯ ನಿಲುವಂಗಿ ತೊಟ್ಟ ಗೀತನಾಟಕವೆಂದು ಹಾಸ್ಯ ಮಾಡಿದವರಿದ್ದರು. ರೊಸ್ಸಿನಿಯಂತೂ ತನ್ನ ಮುಪ್ಪಿನಲ್ಲಿ ಬರೆದ ‘ಪುಟ್ಟ ಗಂಭೀರ ಬಲಿಪೂಜೆ’ಯ ಕೊನೆಗೆ ದೇವರನ್ನೇ ಸಂಬೋಧಿಸಿ ಒಂದು ಟಿಪ್ಪಣಿ ಸೇರಿಸಿ, ತಾನು ಬರೆದದ್ದು ಪವಿತ್ರ ಸಂಗೀತವೋ ಅಲ್ಲವೋ ಎಂದು ಶ್ಲೇಷೆಯಿಂದ ಕೇಳಿದನು, ತಾನು ವಿನೋದದ ಗೀತನಾಟಕಕ್ಕಾಗಿ ಹುಟ್ಟಿದವನೆಂದು ಒಪ್ಪಿಕೊಂಡು ಸ್ವರ್ಗವನ್ನು ಬೇಡಿದನು. ಅದರಲ್ಲಿ ಚೇಷ್ಟೆಯೂ ಇದೆ, ನಿಜವಾದ ಅಳುಕೂ ಇದೆ.

ಪೋಪರ ಆಜ್ಞೆಯಿಂದ ಪೂಜೆಯ ಕಟ್ಟಿಗೆ ಹೊರತಾದ ಇಂಥ ಸಂಗೀತಕ್ಕೆ ಹೊಸ ಆಶ್ರಯ ದೊರೆತದ್ದು ಗ್ರಾಮಫೋನಿನಲ್ಲಿ. ೧೯೦೪ರಿಂದ ಕರೂಸೋ ಅಮೆರಿಕದ ವಿಕ್ಟರ್ ಕಂಪೆನಿಗೆ ಹಾಡತೊಡಗಿದ್ದನು. ಮೊದಮೊದಲು ಗೀತನಾಟಕ, ನೇಪಲ್ಸಿನ ಜನಪ್ರಿಯ ಹಾಡುಗಳು. ಪವಿತ್ರ ಗೀತೆಗಳು ಹೆಚ್ಚಾಗಿ ಬಂದದ್ದು ೧೯೧೨ರ ತರುವಾಯ. ಆ ವರ್ಷ ಗ್ರಾನಿಯೆ ರಚಿಸಿದ ‘ಹೊಸಾನ್ನಾ’. ೧೯೧೩ರಲ್ಲಿ ರೊಸ್ಸಿನಿಯ ‘ಸ್ತಾಬಾತ್ ಮಾತೆರ್’ನಲ್ಲಿಯ ಟೆನರ್ ಭಾಗ, ಬಿಜೆಯ ರಾಗಕ್ಕೆ ಹೊಂದಿಸಿದ ‘ಆಗ್ನುಸ್ ದೇಯಿ’. ೧೯೧೫ರಲ್ಲಿ ವೆರ್ದಿಯ ‘ರೆಕ್ವಿಯೆಮ್’ನಿಂದ ‘ಇಂಜೆಮಿಸ್ಕೊ’. ೧೯೧೬ರಲ್ಲಿ ಆದಾಮನ ಕ್ರಿಸ್ಮಸ್ ಗೀತೆ. ೧೯೧೮ರಲ್ಲಿ ಸ್ತ್ರಾದೆಲ್ಲಾನ ಹೆಸರಿನಲ್ಲಿ ಪ್ರಚಾರವಾಗಿದ್ದ, ದಯೆಯನ್ನು ಬೇಡುವ ‘ಪಿಯೆತಾ ಸಿನ್ಯೋರೆ’.

ಇವುಗಳಲ್ಲಿ ‘ಇಂಜೆಮಿಸ್ಕೊ’ವನ್ನು ವಿಶೇಷವಾಗಿ ಕೇಳಬೇಕು. ಅಂತಿಮ ತೀರ್ಪಿನ ದಿನ ಅಪರಾಧಿಯಂತೆ ನರಳುತ್ತ ನಿಂತ ಮನುಷ್ಯನ ಮೊರೆ ಅದು. ಪಾಪಿನಿಯನ್ನೂ ಶಿಲುಬೆಯ ಮೇಲಿನ ಕಳ್ಳನನ್ನೂ ಕ್ಷಮಿಸಿದವನು ತನಗೂ ಆಸೆ ಕೊಟ್ಟಿದ್ದಾನೆಂದು ಅವನು ನೆನೆಯುತ್ತಾನೆ; ಬಲಗಡೆಯ ಕುರಿಗಳ ಹಿಂಡಿನಲ್ಲಿ ತನಗೊಂದು ಎಡೆ ಬೇಡುತ್ತಾನೆ. ರಾಗ ನೆಲದಿಂದ ಎದ್ದು ಮೆಲ್ಲಮೆಲ್ಲನೆ ಬೆಳಕಿಗೆ ಏರುತ್ತದೆ. ಕರೂಸೋ ಇಲ್ಲಿ ಬಿಕ್ಕುವುದಿಲ್ಲ. ರಂಗದ ಮೇಲೆ ಆತ ಬಳಸಿ ಲೋಕವೇ ಅನುಕರಿಸಿದ ಆ ಬಿಕ್ಕು ಇಲ್ಲಿ ಇಲ್ಲ. ಉಸಿರು ಉದ್ದವಾಗಿದೆ; ಲ್ಯಾಟಿನ್ ಮಾತು ಸ್ಪಷ್ಟವಾಗಿದೆ; ಕೊನೆಯ ಏರು ಆರ್ಭಟವಾಗದೆ ಭರವಸೆಯಾಗಿ ನಿಲ್ಲುತ್ತದೆ. ಗೀತನಾಟಕದ ಕಸುಬೇ ಇದರ ಆಧಾರ. ಆ ಕಸುಬನ್ನು ತೋರಿಸಿಕೊಳ್ಳದ ಸಂಯಮವೂ ಅದೇ ಕಸುಬಿನ ಫಲ.

ಈ ವರ್ಷಗಳ ಆತನ ಖಾಸಗಿ ಬಾಳು ಸುಖಮಯವಾಗಿರಲಿಲ್ಲ. ಬಹುವರ್ಷ ಜೊತೆಯಾಗಿ ಬಾಳಿ ಇಬ್ಬರು ಗಂಡುಮಕ್ಕಳನ್ನು ಹೆತ್ತ ಗಾಯಕಿ ಆದಾ ಜಾಕೆತ್ತಿ ೧೯೦೮ರಲ್ಲಿ ಆತನನ್ನು ತೊರೆದಳು. ಮರುವರ್ಷ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇಷ್ಟಾದರೂ ಆತ ಹರ್ಷಶೀಲ. ವ್ಯಂಗ್ಯಚಿತ್ರಗಳನ್ನು ಬರೆಯುವುದರಲ್ಲಿ ಕುಶಲಿ. ಯುದ್ಧಕಾಲದ ಸಹಾಯನಿಧಿಗಳಿಗಾಗಿ ಹಾಡಿದ ಉದಾರಿ. ೧೯೧೮ರಲ್ಲಿ ಅಮೆರಿಕದ ಡೊರೊಥಿ ಬೆಂಜಮಿನ್ ಎಂಬಾಕೆಯನ್ನು ಮದುವೆಯಾದನು. ೧೯೧೯ರ ಡಿಸೆಂಬರಿನಲ್ಲಿ ಗ್ಲೋರಿಯಾ ಎಂಬ ಮಗಳು ಹುಟ್ಟಿದಳು. ತಡವಾಗಿ ಬಂದ ಆ ಗೃಹಸುಖ ಮೂರು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ.

೧೯೨೦ರ ಸೆಪ್ಟೆಂಬರಿನಲ್ಲಿ ಕರೂಸೋ ನ್ಯೂಜೆರ್ಸಿಯ ಕ್ಯಾಮ್‌ಡೆನ್ ಊರಿಗೆ ವಿಕ್ಟರ್ ಕಂಪೆನಿಯ ಕೆಲಸಕ್ಕೆ ಹೋದನು. ವಾದ್ಯವೃಂದಕ್ಕೆ ಸ್ಥಳ ಸಾಲದೆ ಕಂಪೆನಿಯವರು ಕೆಲವು ವರ್ಷಗಳ ಹಿಂದೆ ಆ ಊರಿನ ಟ್ರಿನಿಟಿ ಎಂಬ ಹಳೆಯ ಇಗರ್ಜಿಯನ್ನು ಕೊಂಡು ಮುದ್ರಣಶಾಲೆಯಾಗಿ ಮಾರ್ಪಡಿಸಿದ್ದರು. ಪೂಜೆ ನಿಂತುಹೋಗಿದ್ದ ಆ ಎತ್ತರದ ಕಟ್ಟಡದಲ್ಲಿ ಈಗ ಕಹಳೆ ನಿಂತಿತ್ತು. ಸೆಪ್ಟೆಂಬರ್ ೧೬ರಂದು ಹಾಡಿದವುಗಳಲ್ಲಿ ರೊಸ್ಸಿನಿಯ ‘ಪುಟ್ಟ ಗಂಭೀರ ಬಲಿಪೂಜೆ’ಯ ಎರಡು ಭಾಗಗಳಿದ್ದವು: ‘ದೊಮಿನೆ ದೇವುಸ್’ ಮತ್ತು ‘ಕ್ರುಚಿಫಿಕ್ಸುಸ್’. ಅದೇ ಆತನ ಕಡೆಯ ಮುದ್ರಣದಿನವಾಯಿತು. ಬಾಲ್ಯದಲ್ಲಿ ಒಂದು ಇಗರ್ಜಿಯಲ್ಲಿ ಆರಂಭವಾದ ಹಾಡು, ಪ್ರಪಂಚವನ್ನೆಲ್ಲ ಸುತ್ತಿ, ಯಂತ್ರಶಾಲೆಯಾದ ಇನ್ನೊಂದು ಇಗರ್ಜಿಯಲ್ಲಿ ಮುಗಿಯಿತು.

ಆ ಬಲಿಪೂಜೆಯ ಚರಿತ್ರೆಯೂ ಸ್ವಾರಸ್ಯವಾದದ್ದು. ಗೀತನಾಟಕಗಳನ್ನು ನಿಲ್ಲಿಸಿ ಮೂವತ್ತು ವರ್ಷಗಳ ಮೇಲೆ, ೧೮೬೩ರಲ್ಲಿ, ರೊಸ್ಸಿನಿ ಪ್ಯಾರಿಸಿನ ಬಳಿಯ ಪಾಸ್ಸಿಯಲ್ಲಿ ಇದನ್ನು ರಚಿಸಿದನು. ಹನ್ನೆರಡು ಗಾಯಕರು, ಎರಡು ಪಿಯಾನೊ, ಒಂದು ಹಾರ್ಮೋನಿಯಂ: ಇಷ್ಟೇ ಸಲಕರಣೆ. ೧೮೬೪ರ ಮಾರ್ಚಿನಲ್ಲಿ ಶ್ರೀಮಂತ ಮಿತ್ರರೊಬ್ಬರ ಪ್ಯಾರಿಸಿನ ಮನೆಯಲ್ಲಿ ಮೊದಲ ಬಾರಿ ಹಾಡಲಾಯಿತು. ‘ಪುಟ್ಟ’ ಎಂದು ಹೆಸರಿದ್ದರೂ ಅದು ಒಂದು ಗಂಟೆಯನ್ನು ಮೀರುವ ಕೃತಿ. ಹೆಂಗಸರು ಇಗರ್ಜಿಗಳಲ್ಲಿ ಹಾಡಲು ಅನುಮತಿ ಬೇಕೆಂದು ರೊಸ್ಸಿನಿ ಅಂದಿನ ಪೋಪರಿಗೆ ಬಿನ್ನವಿಸಿಕೊಂಡನಾದರೂ ಅದು ಫಲಿಸಲಿಲ್ಲ. ‘ಕ್ರುಚಿಫಿಕ್ಸುಸ್’ ಭಾಗವನ್ನು ಆತ ಬರೆದದ್ದು ಹೆಣ್ಣುಕಂಠಕ್ಕೇ. ಕರೂಸೋ ಅದನ್ನು ತನ್ನ ಗಂಡುಕಂಠದಲ್ಲಿ ಹಾಡಿದನು.

ಆ ಗೀತೆಯ ಮಾತುಗಳು ಬಹಳ ಕಡಿಮೆ. ಕ್ರೈಸ್ತರ ವಿಶ್ವಾಸಪ್ರಮಾಣದ ನಡುವಣ ಒಂದೇ ವಾಕ್ಯ: ನಮಗಾಗಿ ಶಿಲುಬೆಗೇರಿದ್ದು, ಪಿಲಾತನ ಅಧಿಕಾರದಲ್ಲಿ ಯಾತನೆ ಉಂಡದ್ದು, ಮಣ್ಣಾದದ್ದು. ಪಕ್ಕವಾದ್ಯ ತಾಳಕ್ಕೆ ಚೂರು ಹಿಂದುಮುಂದಾಗಿ ತೂಗುತ್ತ ನಡೆಯುತ್ತದೆ. ಅದರ ಮೇಲೆ ರಾಗ ಭಾರವಾದುದನ್ನು ಹೊತ್ತು ಸಾಗುವವನ ಹೆಜ್ಜೆಯಂತೆ ಚಲಿಸುತ್ತದೆ. ನಲವತ್ತೇಳು ವಯಸ್ಸಿನ ಕರೂಸೋನ ಕಂಠ ಆ ವೇಳೆಗೆ ಹಳೆಯ ಕಂಚಿನಂತೆ ಕಪ್ಪೇರಿತ್ತು. ಕೆಲವರು ಈ ಮುದ್ರಿಕೆಯಲ್ಲಿ ಮುಂಬರುವ ರೋಗದ ಗುರುತನ್ನು ಹುಡುಕುತ್ತಾರೆ. ಮುಂದಿನ ಕಥೆ ತಿಳಿದವರಿಗೆ ಅಂಥದು ಕೇಳಿಸುವುದು ಕಷ್ಟವಲ್ಲ. ನಾನು ಅಲ್ಲಿ ಕೇಳುವುದು ಬೇರೆ. ಹಾಡುವವನು ತನ್ನನ್ನು ಮರೆಸಿ ಮಾತನ್ನು ಮುಂದೆ ಬಿಟ್ಟಿದ್ದಾನೆ. ಗೀತನಾಟಕದಲ್ಲಿ ಆತ ಸಾಯುವ ಪಾತ್ರವಾಗಿ ಎಷ್ಟೋ ಬಾರಿ ಹಾಡಿದ್ದನು. ಇಲ್ಲಿ ಪಾತ್ರವಿಲ್ಲ, ಸಾವೊಂದನ್ನು ಕಂಡು ವರದಿ ಹೇಳುವ ಸಾಕ್ಷಿ ಮಾತ್ರ ಇದ್ದಾನೆ. ಪ್ರಾರ್ಥನೆಗೂ ನಟನೆಗೂ ಇರುವ ಅಂತರ ಬಹುಶಃ ಇದೇ ಇರಬೇಕು.

ಅನಂತರದ ದಿನಗಳು ಬೇಗ ಬೇಗನೆ ಉರುಳಿದವು. ಡಿಸೆಂಬರ್ ಆರಂಭದಲ್ಲಿ ‘ಸಾಮ್ಸನ್’ ನಾಟಕದಲ್ಲಿ ರಂಗಸಜ್ಜಿನ ಕಂಬ ಬಿದ್ದು ಬೆನ್ನಿಗೆ ಪೆಟ್ಟಾಯಿತು. ೧೧ರಂದು ಬ್ರೂಕ್ಲಿನ್ನಿನಲ್ಲಿ ‘ಪ್ರೇಮರಸಾಯನ’ ಹಾಡುತ್ತಿರುವಾಗ ಬಾಯಿಂದ ರಕ್ತ ಬಂತು. ಕರವಸ್ತ್ರಗಳಿಂದ ಒರಸಿಕೊಳ್ಳುತ್ತ ಮೊದಲ ಅಂಕವನ್ನು ಮುಗಿಸಿದನು. ಆಟವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ನೇಪಲ್ಸಿನಲ್ಲಿ ಹತ್ತೊಂಬತ್ತು ವರ್ಷಗಳ ಹಿಂದೆ ಆತನ ಮನಸ್ಸನ್ನು ಗಾಯಗೊಳಿಸಿದ್ದೂ ಇದೇ ನಾಟಕ. ೨೪ರ ರಾತ್ರಿ, ಕ್ರಿಸ್ಮಸ್ ಹಬ್ಬದ ಹಿಂದಿನ ದಿನ, ಮೆಟ್ರೊಪಾಲಿಟನ್ನಿನಲ್ಲಿ ಅಲೆವಿ ರಚಿಸಿದ ‘ಲಾ ಜುಯಿವ್’ನಲ್ಲಿ ಎಲೆಯಾಜಾರನಾಗಿ ಹಾಡಿದನು. ಎಲೆಯಾಜಾರ್ ಕ್ರೈಸ್ತರ ಊರಿನಲ್ಲಿ ತನ್ನ ಧರ್ಮವನ್ನು ಬಿಡದೆ ನಿಂತ ಯೆಹೂದಿ ಅಕ್ಕಸಾಲಿ. ಎರಡನೆಯ ಅಂಕದಲ್ಲಿ ಬಾಗಿಲು ಮುಚ್ಚಿ ಗುಟ್ಟಾಗಿ ಪಾಸ್ಕ ಹಬ್ಬದ ಪ್ರಾರ್ಥನೆಯನ್ನು ನಡೆಸುತ್ತಾನೆ. ಕರೂಸೋ ಸಾರ್ವಜನಿಕವಾಗಿ ಹಾಡಿದ ಕೊನೆಯ ನಾಟಕ ಅದು. ಇಗರ್ಜಿಯ ಹುಡುಗ ತನ್ನ ಕಡೆಯ ಮುದ್ರಣದ ದಿನ ಕ್ರೈಸ್ತರ ವಿಶ್ವಾಸವನ್ನೂ, ಕಡೆಯ ರಂಗರಾತ್ರಿಯಲ್ಲಿ ಯೆಹೂದ್ಯರ ಪ್ರಾರ್ಥನೆಯನ್ನೂ ಹಾಡಿದಂತಾಯಿತು.

ಮರುದಿನವೇ ತಾಳಲಾರದ ನೋವು. ಶ್ವಾಸಕೋಶದ ಸುತ್ತಲಿನ ಪೊರೆಗೆ ಕೀವು ಕಟ್ಟಿತ್ತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆಗಳಾದವು. ಪೆನಿಸಿಲಿನ್ ಇನ್ನೂ ಬಾರದಿದ್ದ ಕಾಲ. ವೈದ್ಯರ ಕೈಯಲ್ಲಿದ್ದುದು ಚಾಕು ಮಾತ್ರ. ೧೯೨೧ರ ಬೇಸಿಗೆಯಲ್ಲಿ ಆತ ಹೆಂಡತಿ ಮಗಳೊಡನೆ ಇಟಲಿಗೆ ಮರಳಿ ಸೊರೆಂತೊದಲ್ಲಿ ವಿಶ್ರಮಿಸಿಕೊಂಡನು. ಚೇತರಿಕೆ ಕಂಡಂತಾಗಿ ಮತ್ತೆ ಕೆಟ್ಟಿತು. ರೋಮಿಗೆ ಹೊರಟವನು ದಾರಿಯಲ್ಲಿ ನೇಪಲ್ಸಿನಲ್ಲಿ ತಂಗಬೇಕಾಗಿ ಬಂತು. ಅಲ್ಲಿನ ವೆಸೂವಿಯೊ ಹೋಟೆಲಿನಲ್ಲಿ ಆಗಸ್ಟ್ ೨ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಆತನ ಉಸಿರು ನಿಂತಿತು. ಹಾಡುವುದಿಲ್ಲವೆಂದು ಶಪಥ ಮಾಡಿದ್ದ ಊರು ಆತನನ್ನು ಸಾಯಲು ಕರೆದುಕೊಂಡಿತು.

ಆತನ ಅಂತ್ಯಸಂಸ್ಕಾರದ ಪೂಜೆ ಅರಸರ ಅನುಮತಿಯಿಂದ ರಾಜವಂಶದ ಸಾನ್ ಫ್ರಾಂಚೆಸ್ಕೊ ದಿ ಪಾವೊಲಾ ಇಗರ್ಜಿಯಲ್ಲಿ ನಡೆಯಿತು. ಒಳಗೂ ಹೊರಗೂ ಜನಸಾಗರ. ನೇಪಲ್ಸಿನವನೇ ಆದ ಹಿರಿಯ ಟೆನರ್ ಫೆರ್ನಾಂದೊ ದೆ ಲೂಚಿಯಾ ನಿವೃತ್ತಿಯನ್ನು ಬಿಟ್ಟೆದ್ದು ಬಂದು ಅಲ್ಲಿ ಹಾಡಿದನು. ಆತ ಆರಿಸಿಕೊಂಡದ್ದು ‘ಪಿಯೆತಾ ಸಿನ್ಯೋರೆ’. ಮೂರು ವರ್ಷಗಳ ಹಿಂದೆ ಕರೂಸೋ ಮುದ್ರಿಸಿದ್ದ ಗೀತೆಯೇ. ರಂಗದ ಗಾಯಕನೊಬ್ಬ ರಂಗದ ಗಾಯಕನೊಬ್ಬನ ಶವದ ಮುಂದೆ ಹಾಡುವಾಗ, ಅದು ಪೂಜೆಗೆ ತಕ್ಕ ಶೈಲಿಯೇ ಎಂದು ಅಲ್ಲಿದ್ದ ಯಾರಿಗೂ ಕೇಳಬೇಕೆನಿಸಿರಲಾರದು.

ಕರೂಸೋನ ಮುದ್ರಿಕೆಗಳು ಆತನ ತರುವಾಯ ಹಲವು ರೂಪಗಳನ್ನು ತಾಳಿದವು. ವಿದ್ಯುತ್ ವಿಧಾನ ಬಂದ ಮೇಲೆ ೧೯೩೦ರ ದಶಕದಲ್ಲಿ ಹಳೆಯ ಕಂಠಕ್ಕೆ ಹೊಸ ವಾದ್ಯವೃಂದವನ್ನು ಹೊಂದಿಸಿ ಹೊರತಂದರು. ೧೯೭೦ರ ದಶಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಎಂಬ ಅಮೆರಿಕದ ವಿಜ್ಞಾನಿ ಗಣಕಯಂತ್ರದ ನೆರವಿನಿಂದ, ಕಹಳೆಯಿಂದ ಬಂದ ವಿಕಾರವನ್ನು ಲೆಕ್ಕಹಾಕಿ ಕಳೆದು ಶಾರೀರವನ್ನು ಶುದ್ಧಗೊಳಿಸಿದನು. ಪ್ರತಿ ಪೀಳಿಗೆಯೂ ತನ್ನ ಕಾಲದ ಸಾಧನದಿಂದ ಆ ಮೇಣದ ಗೆರೆಯನ್ನು ಮತ್ತೆ ಓದುತ್ತಿದೆ; ನಮ್ಮ ಹಸ್ತಪ್ರತಿಗಳನ್ನು ವಿದ್ವಾಂಸರು ಮತ್ತೆ ಮತ್ತೆ ಪರಿಷ್ಕರಿಸುವ ಹಾಗೆ.

ರಂಗದ ಕಂಠ ಪೂಜೆಗೆ ಅರ್ಹವೇ ಎಂಬ ಪ್ರಶ್ನೆಗೆ ಕರೂಸೋನ ಬಾಳು ನನಗೆ ಒಂದು ಉತ್ತರವನ್ನು ಸೂಚಿಸುತ್ತದೆ. ಭಕ್ತಿಯನ್ನು ಗಾಯಕನ ಎದೆಯೊಳಗೆ ಹೊಕ್ಕು ಅಳೆಯುವ ಸಾಧನ ಗೈಸ್‌ಬರ್ಗನ ಬಳಿ ಇರಲಿಲ್ಲ, ನಮ್ಮ ಬಳಿಯೂ ಇಲ್ಲ. ಮುದ್ರಿಕೆಯಲ್ಲಿ ಉಳಿಯುವುದು ಉಸಿರಿನ ನಡೆ, ಮಾತಿಗೆ ತೋರಿದ ಗೌರವ, ತನ್ನ ಶಕ್ತಿಯನ್ನು ತಡೆಹಿಡಿದ ಸಂಯಮ. ಇವು ಮೂರೂ ಇದ್ದಲ್ಲಿ ಕೇಳುವವನ ಮನಸ್ಸು ತಾನಾಗಿ ಬಾಗುತ್ತದೆ. ಹಾಡಿದವನ ಧರ್ಮ ಯಾವುದು, ಕೇಳುವವನ ಧರ್ಮ ಯಾವುದು ಎಂಬುದು ಆ ಕ್ಷಣಕ್ಕೆ ಅಡ್ಡಬರುವುದಿಲ್ಲ. ಲ್ಯಾಟಿನ್ ತಿಳಿಯದ, ಇಗರ್ಜಿಯ ವಿಧಿ ತಿಳಿಯದ ನನ್ನಂಥವರಿಗೂ ಅದು ತಲಪುತ್ತದೆ ಎಂಬುದೇ ಇದಕ್ಕೆ ಸಾಕ್ಷಿ.

‘ಕ್ರುಚಿಫಿಕ್ಸುಸ್’ ಗೀತೆ ಸಮಾಧಿಯ ಮಾತಿನಲ್ಲಿ ಮುಗಿಯುತ್ತದೆ. ರೊಸ್ಸಿನಿಯ ಕೃತಿಯಲ್ಲಿ ಅದರ ಬೆನ್ನಿಗೇ ಇಡೀ ವೃಂದ ಎದ್ದು ಪುನರುತ್ಥಾನವನ್ನು ಸಾರುತ್ತದೆ. ಕರೂಸೋನ ತಟ್ಟೆಯಲ್ಲಿ ಆ ಭಾಗವಿಲ್ಲ. ಒಬ್ಬನ ಕಂಠಕ್ಕೆ ಅದು ಸೇರಿದ್ದಲ್ಲ. ಮಣ್ಣಾದನೆಂಬ ಮಾತಿನ ಮೇಲೆ ಸ್ವರ ನಿಲ್ಲುತ್ತದೆ, ಸೂಜಿ ಸ್ವಲ್ಪ ಹೊತ್ತು ಸದ್ದಿಲ್ಲದ ಗೆರೆಯಲ್ಲಿ ಸುತ್ತುತ್ತದೆ. ಮುಂದಿನದನ್ನು ಹಾಡಬೇಕಾದವರು ಬೇರೆಯವರು. ಅವರ ಸಾಲಿನಲ್ಲಿ, ಆ ತಟ್ಟೆಯನ್ನು ಮತ್ತೊಮ್ಮೆ ಮೊದಲಿನಿಂದ ಕೇಳಲು ಬಯಸುವ ಕೇಳುಗನಿಗೂ ಒಂದು ಸ್ಥಾನವಿದೆ.